ಹೊಸದಾಗಿ ಜೋಡಿಸಿದ ಪಿಸಿ ತಂಗಿಯ ಹಳೇ ಲ್ಯಾಪ್‌ಟಾಪ್‌ಗಿಂತ ನಿಧಾನ, ಎಲ್ಲಿ ತಪ್ಪಾಗಿದೆ?

ರಾಯಚೂರು ಬಿಸಿಲು

ಎಲ್ಲರಿಗೂ ನಮಸ್ಕಾರ. ಒಂದು ವರ್ಷ ದುಡ್ಡು ಕೂಡಿಟ್ಟು, ಬೆಂಗಳೂರಿಗೆ ಮದುವೆಗೆ ಅಂತ ಹೋದಾಗ ಎಸ್.ಪಿ. ರೋಡಲ್ಲಿ ಅರ್ಧ ದಿನ ಅಲೆದು ಸಾಮಾನು ತಂದು, ಕಳೆದ ಭಾನುವಾರ ನಾನೇ ಕೂತು ಪಿಸಿ ಜೋಡಿಸಿದೆ. ಮೊದಲನೇ ಸಲ. ಒಂದೇ ಏಟಿಗೆ ಆನ್ ಆಯ್ತು, ಅಮ್ಮ ಊದುಬತ್ತಿ ಹಚ್ಚಿ ಕುಂಕುಮಾನೂ ಇಟ್ಟರು. ಆದರೆ ಓಡುವುದು ಮಾತ್ರ ಎತ್ತಿನಗಾಡಿ ಥರ.

ಸಾಮಾನು ಇಷ್ಟು: ಇಂಟೆಲ್ ಐ5-12400 ಪ್ರೊಸೆಸರ್, ಅದರ ಬಾಕ್ಸಲ್ಲೇ ಬಂದ ಕೂಲರ್, ಬಿ660 ಮದರ್‌ಬೋರ್ಡ್, 8 ಜಿಬಿಯ ಡಿಡಿಆರ್4 3200 ರ‍್ಯಾಮ್ ಎರಡು, 500 ಜಿಬಿ ಎನ್‌ವಿಎಂಇ ಎಸ್‌ಎಸ್‌ಡಿ, ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್, 550 ವ್ಯಾಟ್ ಪವರ್ ಸಪ್ಲೈ. ಹಳೇ ಪಿಸಿಯಿಂದ ಬಿಚ್ಚಿದ 1 ಟಿಬಿ ಹಾರ್ಡ್ ಡಿಸ್ಕೂ ಹಾಕಿದ್ದೇನೆ, ಮನೆ ಫೋಟೋಗಳೆಲ್ಲ ಅದರಲ್ಲೇ ಇವೆ.

ಕ್ರೋಮ್ ಒತ್ತಿದರೆ ತೆರೆಯೋಕೆ ಹತ್ತು ಸೆಕೆಂಡ್. ಫೋಲ್ಡರ್ ತೆಗೆದರೆ ಮೇಲೆ ಹಸಿರು ಗೆರೆ ತೆವಳುತ್ತಾ ಹೋಗುತ್ತೆ. ಜಿಟಿಎ 5 ಆಟ ಹಾಕಿದರೆ ಸೆಕೆಂಡಿಗೆ 18-20 ಫ್ರೇಮ್. ತಂಗಿಯ 2018ರ ಐ3 ಲ್ಯಾಪ್‌ಟಾಪ್ ಇದಕ್ಕಿಂತ ಚುರುಕಾಗಿದೆ, ಅವಳು ಬೇಕು ಅಂತಲೇ ನನ್ನ ಪಕ್ಕ ಕೂತು ಕೆಲಸ ಮಾಡುತ್ತಾಳೆ. ವಿಂಡೋಸ್ 11 ಎರಡು ಸಲ ಹಾಕಿ ನೋಡಿದೆ. ಅಂಗಡಿಗೆ ಫೋನ್ ಮಾಡಿದರೆ "ಸಾಮಾನೆಲ್ಲ ಸರಿ ಇದೆ, ನೀವು ಐ7 ತಗೋಬೇಕಿತ್ತು" ಅಂದರು. ಏನು ಮಾಡಲಿ ಹೇಳ್ರಿ.

ನೀಲಿ ಪರದೆ

ಗುರೂ, 16 ಜಿಬಿ ಈಗಿನ ಕಾಲಕ್ಕೆ ಸಾಲಲ್ಲ. 32 ಮಾಡಿಸಿ. ಜೊತೆಗೆ ವಿಂಡೋಸಲ್ಲಿರುವ ಬೇಡದ್ದನ್ನೆಲ್ಲ ಕಿತ್ತು ಹಾಕುವ ಸ್ಕ್ರಿಪ್ಟ್ ಇದೆ, ಅದನ್ನು ಓಡಿಸಿ. ನಾನು ಓಡಿಸಿದ ಮೇಲೆ ನನ್ನ ಪಿಸಿ ರಾಕೆಟ್.

ಹಳೇ ಫ್ಲಾಪಿ

ಇನ್ನೂ ಕಾಯಿಲೆ ಏನು ಅಂತಲೇ ಗೊತ್ತಿಲ್ಲ, ಆಗಲೇ ಆಪರೇಷನ್ ಬೇಡ. ಕ್ರೋಮ್ ತೆರೆಯೋಕೆ 16 ಜಿಬಿ ಸಾಲದಿದ್ದರೆ ಊರಲ್ಲಿರುವ ಅರ್ಧ ಲ್ಯಾಪ್‌ಟಾಪ್ ಇಷ್ಟೊತ್ತಿಗೆ ನಿಂತಿರಬೇಕಿತ್ತು. ಆ ಸ್ಕ್ರಿಪ್ಟ್ ಓಡಿಸಿ ಅಪ್‌ಡೇಟೇ ಬಾರದ ಹಾಗೆ ಮಾಡಿಕೊಂಡು ನನ್ನ ಅಂಗಡಿಗೆ ಬರುವವರು ತಿಂಗಳಿಗೆ ಇಬ್ಬರಾದರೂ ಇರುತ್ತಾರೆ.

ರಾಯಚೂರಿನವರೇ, ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆಗೆಯಿರಿ. ಪರ್ಫಾರ್ಮೆನ್ಸ್ ಪುಟಕ್ಕೆ ಹೋಗಿ. ಸಿಪಿಯು ಅಂದರೆ ಪ್ರೊಸೆಸರ್ ಸ್ಪೀಡ್ ಎಷ್ಟು, ಮೆಮೊರಿ ಸ್ಪೀಡ್ ಎಷ್ಟು, ಯಾವ ಡಿಸ್ಕ್ ಎಷ್ಟು ಪರ್ಸೆಂಟ್, ಜಿಪಿಯು ಅಂದರೆ ಗ್ರಾಫಿಕ್ಸ್ ಚಿಪ್ಪು ಒಂದು ಕಾಣುತ್ತಾ ಎರಡು ಕಾಣುತ್ತಾ, ಎಲ್ಲ ಬರೆದು ಹಾಕಿ. ಆಮೇಲೆ ಕ್ಯಾಬಿನೆಟ್ ಹಿಂಭಾಗ ನೋಡಿ, ಮಾನಿಟರ್ ಕೇಬಲ್ ಯಾವ ಕಿಂಡಿಗೆ ಹೋಗಿದೆ ಅಂತಲೂ ಹೇಳಿ.

ರಾಯಚೂರು ಬಿಸಿಲು

ನೋಡಿದೆ ಸರ್.

ಸಿಪಿಯು 9 ಪರ್ಸೆಂಟ್, ಸ್ಪೀಡ್ 1.12 ಗಿಗಾಹರ್ಟ್ಜ್, ಬೇಸ್ ಸ್ಪೀಡ್ 2.50 ಅಂತಿದೆ. ಮೆಮೊರಿ 2400, ಸ್ಲಾಟ್ 4ರಲ್ಲಿ 2. ಡಿಸ್ಕ್ 1 ಅಂದರೆ ಎಸ್‌ಎಸ್‌ಡಿ 2 ಪರ್ಸೆಂಟ್. ಡಿಸ್ಕ್ 0 ಹಳೇ ಹಾರ್ಡ್ ಡಿಸ್ಕ್, ನಾನು ಏನೂ ಮಾಡದಿದ್ದರೂ 100 ಪರ್ಸೆಂಟ್, ರೆಸ್ಪಾನ್ಸ್ ಟೈಮ್ 4,000 ಮಿಲಿಸೆಕೆಂಡಿಗಿಂತ ಜಾಸ್ತಿ. ಜಿಪಿಯು ಎರಡು ಕಾಣುತ್ತವೆ, ಯುಎಚ್‌ಡಿ 730 ಮತ್ತು 3060. ಆಟ ಹಾಕಿದಾಗ ಮೊದಲನೆಯದು 96, ಎರಡನೆಯದು 0.

ಕೇಬಲ್ ಮೇಲ್ಗಡೆ ಯುಎಸ್‌ಬಿ ಕಿಂಡಿಗಳ ಪಕ್ಕ ಚುಚ್ಚಿದೆ. ಅಲ್ಲಿ ಎಚ್‌ಡಿಎಂಐ ಇತ್ತು, ಹಾಕಿದೆ. ತಪ್ಪಾ?

ಕುಡ್ಲದ ಕೀಬೋರ್ಡ್

ಎಂಥ ಮಾರಾಯ್ರೆ, ಕಾರ್ಡಿಗೆ ಅಷ್ಟು ದುಡ್ಡು ಸುರಿದು ಅದನ್ನು ಸುಮ್ನೆ ಕೂರಿಸಿದ್ದೀರಲ್ಲ! ಮೇಲಿನ ಕಿಂಡಿ ಮದರ್‌ಬೋರ್ಡಿನದ್ದು. ಅಲ್ಲಿಂದ ಬರುವ ಚಿತ್ರ ಪ್ರೊಸೆಸರ್ ಒಳಗಿರುವ ಸಣ್ಣ ಗ್ರಾಫಿಕ್ಸಿನದ್ದು. ಕೆಳಗೆ ಅಡ್ಡಡ್ಡ ಸಾಲಲ್ಲಿ ಕಿಂಡಿಗಳು ಇರುತ್ತವೆ ನೋಡಿ, ಅದು 3060. ಕೇಬಲ್ ಅಲ್ಲಿಗೆ ಹಾಕಿ. ನಾಚಿಕೆ ಪಡಬೇಡಿ, ನಾನೂ ಮೂರು ದಿನ ಹೀಗೇ ಆಡಿದವ.

ಒಂದು ಸಣ್ಣ ವಿಷಯ. ನಿಮ್ಮದು ಕೊನೆಯಲ್ಲಿ ಎಫ್ ಅಕ್ಷರ ಇರುವ 12400ಎಫ್ ಆಗಿದ್ದರೆ ಅದರಲ್ಲಿ ಗ್ರಾಫಿಕ್ಸೇ ಇಲ್ಲ, ಪರದೆ ಕಪ್ಪಾಗಿಯೇ ಇರುತ್ತಿತ್ತು, ತಪ್ಪು ಅಲ್ಲೇ ಗೊತ್ತಾಗುತ್ತಿತ್ತು. ಎಫ್ ಇಲ್ಲದ್ದು ತಗೊಂಡಿದ್ದಕ್ಕೆ ಹೀಗಾಯಿತು.

ತಿರುಪುಳಿ

ಸಿಪಿಯು 1.12ರಲ್ಲಿ ಓಡುತ್ತಿದೆ ಅಂತ ಯಾರಾದರೂ ಗಾಬರಿ ಹುಟ್ಟಿಸುವ ಮುಂಚೆ ಹೇಳಿಬಿಡುತ್ತೇನೆ. ಸುಮ್ನೆ ಇದ್ದಾಗ ವೇಗ ಇಳಿಸಿಕೊಳ್ಳುವುದು ಅದರ ಸಹಜ ಗುಣ. ಕೆಲಸ ಕೊಟ್ಟಾಗ ಎಷ್ಟಕ್ಕೆ ಏರುತ್ತೆ ಅನ್ನುವುದೇ ಮುಖ್ಯ. ಈ ಚಿಪ್ಪು ಒಂದು ಕೋರಿಗೆ 4.4ರವರೆಗೂ ಹೋಗುತ್ತೆ, ಆರೂ ಕೋರ್ ದುಡಿಯುವಾಗ 4ರ ಆಸುಪಾಸು ಇರಬೇಕು.

ರಾಯಚೂರು ಬಿಸಿಲು

ಅಯ್ಯೋ ದೇವರೇ. ಕೇಬಲ್ ಬದಲಿಸಿದೆ. ಜಿಟಿಎ 90 ಫ್ರೇಮ್! ತಂಗಿಯನ್ನು ಕರೆದು ತೋರಿಸಿದೆ. ಎಲ್ಲರಿಗೂ ಧನ್ಯವಾದ, ಸಮಸ್ಯೆ ಮುಗೀತು.

ರಾಯಚೂರು ಬಿಸಿಲು

ಮುಗಿದಿಲ್ಲ ಸರ್. ಎರಡು ಮೂರು ನಿಮಿಷ ಚೆನ್ನಾಗಿ ಓಡಿ ಆಮೇಲೆ 25ಕ್ಕೆ ಬಿತ್ತು. ಆಟ ಮುಚ್ಚಿದ ಮೇಲೂ ಕ್ರೋಮ್ ಮೊದಲಿನ ಹಾಗೇ ಎಳೆಯುತ್ತಿದೆ. ತಂಗಿ ನಗುತ್ತಾ ಎದ್ದು ಹೋದಳು.

ಹಳೇ ಫ್ಲಾಪಿ

ಮುಗಿಯಲ್ಲ ಅಂತ ಗೊತ್ತಿತ್ತು. ನೀವು ಕೊಟ್ಟ ಲೆಕ್ಕದಲ್ಲೇ ಇನ್ನೂ ಎರಡು ಕಾಯಿಲೆ ಕಾಣುತ್ತಿವೆ, ಮೂರನೆಯದರ ಮೇಲೆ ಅನುಮಾನ ಇದೆ. ಎಲ್ಲ ಒಟ್ಟಿಗೆ ಮುಟ್ಟಬೇಡಿ, ಯಾವುದರಿಂದ ಸರಿಹೋಯ್ತು ಅಂತ ಆಮೇಲೆ ಗೊತ್ತಾಗಲ್ಲ.

ಮೊದಲು ಆ ಹಳೇ ಹಾರ್ಡ್ ಡಿಸ್ಕ್. ಏನೂ ಮಾಡದೆ 100 ಪರ್ಸೆಂಟ್, ಒಂದು ಸಲ ಕೇಳಿದ್ದಕ್ಕೆ ಉತ್ತರ ಕೊಡೋಕೆ ನಾಲ್ಕು ಸೆಕೆಂಡ್ ಅಂದರೆ ಅದು ಕೊನೆಯುಸಿರು ಎಳೆಯುತ್ತಿದೆ. ವಿಂಡೋಸ್ ಎಸ್‌ಎಸ್‌ಡಿಯಲ್ಲಿದ್ದರೂ ಫೋಲ್ಡರ್ ತೆರೆದಾಗ ಎಷ್ಟೋ ಸಲ ಬೇರೆ ಡಿಸ್ಕನ್ನೂ ಮಾತಾಡಿಸುತ್ತೆ. ಒಬ್ಬ ಉತ್ತರ ಕೊಡದಿದ್ದರೆ ಇಡೀ ಮನೆ ಕಾಯುತ್ತೆ. ಹಸಿರು ಗೆರೆ ತೆವಳುವುದು ಅದಕ್ಕೇ.

ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅಂತ ಡಿಸ್ಕಿನ ಆರೋಗ್ಯ ತೋರಿಸುವ ತಂತ್ರಾಂಶ ಹಾಕಿ ನೋಡಿ, ಹಳದಿ ಅಥವಾ ಕೆಂಪು ಬಣ್ಣ ಬಂದರೆ ಇವತ್ತೇ ಫೋಟೋಗಳನ್ನು ಬೇರೆ ಕಡೆ ನಕಲು ಮಾಡಿ. ಅದಕ್ಕೂ ಮುಂಚೆ ಚೆಕ್‌ಡಿಸ್ಕ್ ಓಡಿಸಬೇಡಿ. ಇಂಟರ್ನೆಟ್ ತುಂಬಾ ಅದನ್ನೇ ಹೇಳುತ್ತಾರೆ. ಸಾಯುತ್ತಿರುವ ಡಿಸ್ಕನ್ನು ಮೂಲೆ ಮೂಲೆ ಓದಿಸಿದರೆ ಇರುವ ಜೀವವೂ ಹೋಗುತ್ತೆ. ಮೊದಲು ಫೋಟೋ, ಆಮೇಲೆ ಚಿಕಿತ್ಸೆ.

ನಕಲು ಆದ ಮೇಲೆ ಪಿಸಿ ಆಫ್ ಮಾಡಿ, ಅದರ ಸಾಟಾ ಕೇಬಲ್ ಎಳೆದು, ಅದಿಲ್ಲದೆ ಆನ್ ಮಾಡಿ ನೋಡಿ.

ರಾಯಚೂರು ಬಿಸಿಲು

ಹಳದಿ ಬಂತು, ಕಾಶನ್ ಅಂತ. ಫೋಟೋ ನಕಲು ಮಾಡೋಕೆ ರಾತ್ರಿ ಪೂರ್ತಿ ಹಿಡಿಯಿತು, ನಾಲ್ಕು ಫೋಲ್ಡರ್ ಬರಲೇ ಇಲ್ಲ. ಅದರಲ್ಲಿ ಒಂದು ಅಜ್ಜಿಯ ಎಂಬತ್ತನೇ ವರ್ಷದ್ದು. ಮಾವನ ಫೋನಲ್ಲಿ ಇರಬಹುದು, ಕೇಳುತ್ತೇನೆ.

ಬೆಳಿಗ್ಗೆ ಡಿಸ್ಕ್ ತೆಗೆದು ಆನ್ ಮಾಡಿದರೆ ವಿಂಡೋಸೇ ಬರುತ್ತಿಲ್ಲ! ಬೂಟ್ ಡಿವೈಸ್ ಇಲ್ಲ ಅನ್ನುತ್ತಿದೆ. ವಿಂಡೋಸ್ ಹಾಕಿದ್ದು ಎಸ್‌ಎಸ್‌ಡಿಗೆ, ನಾನೇ ಕಣ್ಣಾರೆ ಆರಿಸಿದ್ದು.

ತಿರುಪುಳಿ

ಹಾ ಹಾ, ಕ್ಷಮಿಸಿ, ನಗಬಾರದು. ಇದು ವಿಂಡೋಸ್ ಇನ್‌ಸ್ಟಾಲರಿನ ಹಳೇ ಚಾಳಿ. ಹಾಕುವಾಗ ಎರಡೂ ಡಿಸ್ಕ್ ಇದ್ದವಲ್ಲ, ಹಳೇ ಡಿಸ್ಕಲ್ಲಿ ಮುಂಚಿನ ವಿಂಡೋಸಿನ ಬೂಟ್ ಪಾರ್ಟಿಶನ್, ಅಂದರೆ ಪಿಸಿ ಆನ್ ಆದಾಗ ವಿಂಡೋಸನ್ನು ಎಬ್ಬಿಸುವ ಭಾಗ, ಇತ್ತು. ಇನ್‌ಸ್ಟಾಲರ್ ಅದನ್ನೇ ಬಳಸಿಕೊಂಡಿದೆ. ಸಂಸಾರ ಹೊಸ ಮನೆಯಲ್ಲಿ, ಬಾಗಿಲ ಬೀಗ ಮಾತ್ರ ಹಳೇ ಮನೆಯಲ್ಲಿ.

ಕಮಾಂಡ್ ಕೊಟ್ಟು ಎಸ್‌ಎಸ್‌ಡಿಯಲ್ಲೇ ಬೂಟ್ ಪಾರ್ಟಿಶನ್ ಮಾಡಿಕೊಳ್ಳಬಹುದು, ಬಿಸಿಡಿಬೂಟ್ ಅಂತ ಇದೆ. ಆದರೆ ನಿಮ್ಮದು ಒಂದು ವಾರದ ವಿಂಡೋಸ್, ಒಳಗೆ ಏನೂ ಇಲ್ಲ. ಎಸ್‌ಎಸ್‌ಡಿ ಒಂದನ್ನೇ ಇಟ್ಟುಕೊಂಡು ಮತ್ತೆ ಹಾಕಿಬಿಡಿ, ಇಪ್ಪತ್ತು ನಿಮಿಷದ ಕೆಲಸ.

ರಾಯಚೂರು ಬಿಸಿಲು

ಮೂರನೇ ಸಲ ಹಾಕಿದೆ. ಈಗ ಕಣ್ಣು ಮುಚ್ಚಿ ಹಾಕುವಷ್ಟು ಅಭ್ಯಾಸ ಆಗಿದೆ.

ಫೋಲ್ಡರ್ ತಟ್ಟಂತ ತೆರೆಯುತ್ತವೆ! ಹಸಿರು ಗೆರೆ ಹೋಯ್ತು. ಆದರೆ ಆಟ ಮಾತ್ರ ಹಾಗೇ, ಮೂರು ನಿಮಿಷಕ್ಕೆ ಬೀಳುತ್ತೆ. ವಿಡಿಯೋ ಎಡಿಟಿಂಗಲ್ಲಿ ರೆಂಡರ್ ಕೊಟ್ಟರೆ ಮೌಸೇ ತಡವರಿಸುತ್ತೆ.

ಕುಡ್ಲದ ಕೀಬೋರ್ಡ್

ರ‍್ಯಾಮ್ 2400 ತೋರಿಸುತ್ತಿದೆ ಅಂದರಲ್ಲ. ಬಯಾಸಿಗೆ, ಅಂದರೆ ಬೋರ್ಡಿನ ಸೆಟ್ಟಿಂಗ್ ಪರದೆಗೆ ಹೋಗಿ ಎಕ್ಸ್‌ಎಂಪಿ ಆನ್ ಮಾಡಿ, ಆಗ 3200 ಆಗುತ್ತೆ. ಡಬ್ಬದ ಮೇಲೆ ಬರೆದ ವೇಗ ಎಷ್ಟೋ ಸಲ ತಾನಾಗಿಯೇ ಬರುವುದಿಲ್ಲ, ನಾವೇ ಹೇಳಬೇಕು. ಎರಡು ರ‍್ಯಾಮನ್ನು ಯಾವ ಸ್ಲಾಟಿಗೆ ಹಾಕಿದ್ದೀರಿ? ಅಕ್ಕಪಕ್ಕ ಹಾಕಿದ್ದರೆ ಎರಡೂ ಒಂದೇ ಚಾನೆಲ್ಲಿಗೆ, ಅಂದರೆ ಒಂದೇ ದಾರಿಗೆ ಬೀಳುತ್ತವೆ. ಪ್ರೊಸೆಸರ್ ಕಡೆಯಿಂದ ಎಣಿಸಿದರೆ 2 ಮತ್ತು 4ಕ್ಕೆ ಹಾಕಬೇಕು, ಮ್ಯಾನುಯಲಲ್ಲಿ ಎ2, ಬಿ2 ಅಂತ ಇರುತ್ತೆ. ಟಾಸ್ಕ್ ಮ್ಯಾನೇಜರ್ 4ರಲ್ಲಿ 2 ಅಂತ ಮಾತ್ರ ಹೇಳುತ್ತೆ, ಚಾನೆಲ್ ಹೇಳಲ್ಲ. ಸಿಪಿಯು-ಝಡ್ ಹಾಕಿದರೆ ಗೊತ್ತಾಗುತ್ತೆ.

ರಾಯಚೂರು ಬಿಸಿಲು

1 ಮತ್ತು 2ರಲ್ಲಿ ಹಾಕಿದ್ದೆ. ನೋಡೋಕೆ ಜೋಡಿ ಚೆಂದ ಇತ್ತು. ಈಗ 2 ಮತ್ತು 4ಕ್ಕೆ ಹಾಕಿದೆ, ಎಕ್ಸ್‌ಎಂಪಿ ಆನ್ ಮಾಡಿದೆ, 3200 ತೋರಿಸುತ್ತೆ. ಶುರುವಿನಲ್ಲಿ 100 ಫ್ರೇಮ್ ದಾಟಿತು. ಮೂರು ನಿಮಿಷಕ್ಕೆ ಮತ್ತೆ ಅದೇ ಕಥೆ.

ಹಳೇ ಫ್ಲಾಪಿ

ಶುರುವಿಗೆ ಚೆನ್ನಾಗಿ ಓಡಿ, ಸ್ವಲ್ಪ ಹೊತ್ತಿಗೆ ಕುಸಿಯುವುದು ಅಂದರೆ ಹತ್ತರಲ್ಲಿ ಎಂಟು ಸಲ ಬಿಸಿ. ಎಚ್‌ಡಬ್ಲ್ಯೂಇನ್ಫೋ ಅಂತ ಬಿಸಿ ತೋರಿಸುವ ತಂತ್ರಾಂಶ ಇಳಿಸಿಕೊಳ್ಳಿ, ಸೆನ್ಸರ್ಸ್ ಓನ್ಲಿ ಅಂತ ಆರಿಸಿ ತೆಗೆಯಿರಿ. ಪಕ್ಕದಲ್ಲಿ ಸಿನೆಬೆಂಚ್ ಆರ್23 ಓಡಿಸಿ, ಪ್ರೊಸೆಸರನ್ನು ಪೂರ್ತಿ ದುಡಿಸಿ ಅಂಕ ಕೊಡುವ ಪರೀಕ್ಷೆ ಅದು. ಮೂರು ವಿಷಯ ಬರೆದು ಹಾಕಿ: ಸುಮ್ನೆ ಇದ್ದಾಗ ಸಿಪಿಯು ಬಿಸಿ, ಓಡುವಾಗಿನ ಬಿಸಿ, ಥರ್ಮಲ್ ಥ್ರಾಟ್ಲಿಂಗ್ ಅನ್ನುವ ಸಾಲಲ್ಲಿ ಯೆಸ್ ಇದೆಯೋ ನೋ ಇದೆಯೋ.

ರಾಯಚೂರು ಬಿಸಿಲು

ಸುಮ್ನೆ ಇದ್ದಾಗ 74. ಸಿನೆಬೆಂಚ್ ಶುರು ಮಾಡಿದ ಇಪ್ಪತ್ತು ಸೆಕೆಂಡಿಗೆ 100, ಅಲ್ಲೇ ನಿಂತಿತು. ಥ್ರಾಟ್ಲಿಂಗ್ ಯೆಸ್, ಕೆಂಪಕ್ಷರದಲ್ಲಿ. ವೇಗ 1.3ರಿಂದ 1.6. ಅಂಕ 4,310.

ಇಲ್ಲಿ ಈಗ ಹೊರಗೆ 41 ಡಿಗ್ರಿ ಇದೆ ಸರ್. ನಮ್ಮೂರ ಬಿಸಿಲಿಗೆ ಹೀಗಾಗುತ್ತಾ?

ನೀಲಿ ಪರದೆ

ರಾಯಚೂರು ಅಂದರೆ ಸುಮ್ನೇನಾ. ನೋಡಿ, ಬಾಕ್ಸಲ್ಲಿ ಬರುವ ಕೂಲರ್ ಬರೀ ಹೆಸರಿಗೆ. 240 ಎಂಎಂ ಲಿಕ್ವಿಡ್ ಕೂಲರ್ ಹಾಕಿಸಿ, ಜೀವನಪೂರ್ತಿ ಆರಾಮ.

ತಿರುಪುಳಿ

ಬೇಡ ಬೇಡ. ಬಿಸಿಲಿನ ಲೆಕ್ಕ ಸರಳವಾಗಿದೆ. ಕೋಣೆ 10 ಡಿಗ್ರಿ ಜಾಸ್ತಿ ಆದರೆ ಒಳಗಿನ ಚಿಪ್ಪೂ ಹೆಚ್ಚುಕಡಿಮೆ 10 ಡಿಗ್ರಿ ಏರುತ್ತೆ, ಅಷ್ಟೇ. ಬೆಂಗಳೂರಲ್ಲಿ ಸುಮ್ನೆ ಇದ್ದಾಗ 35 ಇರುವುದು ರಾಯಚೂರಲ್ಲಿ 50 ಇರಬಹುದು. 74 ಯಾವ ಬಿಸಿಲಿಗೂ ಬರಲ್ಲ. 12400ಕ್ಕೆ 100 ಡಿಗ್ರಿಯೇ ಗೆರೆ, ಅಲ್ಲಿಗೆ ಮುಟ್ಟಿದ ಕೂಡಲೇ ತನ್ನನ್ನು ತಾನು ಉಳಿಸಿಕೊಳ್ಳೋಕೆ ವೇಗ ಇಳಿಸುತ್ತೆ. ಆರ್23ರಲ್ಲಿ ಇದಕ್ಕೆ ಸುಮಾರು 12,000 ಬರಬೇಕು, ನಿಮಗೆ ಬಂದಿರುವುದು ಮೂರನೇ ಒಂದು ಪಾಲು.

ಹಳೇ ಫ್ಲಾಪಿ

ಕೂಲರ್ ಪ್ರೊಸೆಸರಿಗೆ ಸರಿಯಾಗಿ ಅಂಟಿಲ್ಲ. ಇನ್ನೇನೂ ಅಲ್ಲ.

ಆ ಕೂಲರಿಗೆ ನಾಲ್ಕು ಮೂಲೆಯಲ್ಲಿ ನಾಲ್ಕು ಕಪ್ಪು ಪಿನ್ ಇವೆ ಅಲ್ವಾ, ಒತ್ತಿದರೆ ಟಕ್ ಅನ್ನುವವು. 2004ರಲ್ಲಿ ಎಲ್‌ಜಿಎ 775 ಅನ್ನುವ ಇಂಟೆಲ್ ಸಾಕೆಟ್ ಬಂದಾಗ ಶುರುವಾದ ವ್ಯವಸ್ಥೆ ಅದು. ಅವತ್ತಿನಿಂದ ಇವತ್ತಿನವರೆಗೂ ನನಗೆ ಊಟ ಹಾಕುತ್ತಿದೆ. ಸ್ಕ್ರೂ ಇದ್ದರೆ ಬಿಗಿಯಾಯಿತೋ ಇಲ್ಲವೋ ಕೈಗೆ ಗೊತ್ತಾಗುತ್ತೆ. ಈ ಪಿನ್ ಮೇಲಿಂದ ನೋಡೋಕೆ ಕೂತ ಹಾಗೇ ಇರುತ್ತೆ, ಕೆಳಗೆ ಕೂತಿರಲ್ಲ. ಒಂದು ಮೂಲೆ ಕೂದಲೆಳೆಯಷ್ಟು ಎದ್ದರೆ ಸಾಕು, ಬಿಸಿಯನ್ನು ಕೂಲರಿಗೆ ದಾಟಿಸುವ ಪೇಸ್ಟ್ ಅರ್ಧಕ್ಕೆ ಮಾತ್ರ ತಾಗುತ್ತೆ.

ಪಿಸಿ ಆಫ್ ಮಾಡಿ, ಪ್ಲಗ್ ಕಿತ್ತು, ಕ್ಯಾಬಿನೆಟ್ಟಿನ ಬಲಗಡೆಯ ತಗಡು ತೆಗೆಯಿರಿ. ಪ್ರೊಸೆಸರ್ ಹಿಂಭಾಗಕ್ಕೆ ದೊಡ್ಡ ಕಿಟಕಿ ಬಿಟ್ಟಿರುತ್ತಾರೆ. ಮೊಬೈಲ್ ಟಾರ್ಚ್ ಬಿಟ್ಟು ನಾಲ್ಕು ತೂತನ್ನೂ ನೋಡಿ. ಕೂತಿರುವ ಪಿನ್ನಿನ ಬಿಳಿ ಕಾಲು ತೂತಿನಿಂದ ಹೊರಗೆ ಬಂದು ಅಗಲವಾಗಿ ಹರಡಿರುತ್ತೆ, ನಡುವೆ ಕಪ್ಪು ಕಡ್ಡಿಯ ತುದಿ ಕಾಣುತ್ತೆ. ನಾಲ್ಕೂ ಒಂದೇ ಥರ ಇರಬೇಕು. ಫೋಟೋ ಹಾಕಿ.

ರಾಯಚೂರು ಬಿಸಿಲು

ಫೋಟೋ ಹಾಕಿದ್ದೇನೆ. ಕೆಳಗಿನ ಎರಡು ನೀವು ಹೇಳಿದ ಹಾಗೇ ಇವೆ. ಮೇಲಿನ ಬಲಗಡೆಯದರಲ್ಲಿ ಬಿಳಿ ಕಾಲು ಇಣುಕುತ್ತಿದೆ ಅಷ್ಟೇ, ಕಪ್ಪು ಕಡ್ಡಿ ಇಲ್ಲ. ಮೇಲಿನ ಎಡಗಡೆ ತೂತಲ್ಲಿ ಏನೂ ಇಲ್ಲ!! ಖಾಲಿ. ಫ್ಯಾನನ್ನು ಬೆರಳಲ್ಲಿ ಮುಟ್ಟಿದೆ, ಮೇಲ್ಭಾಗ ಅಲ್ಲಾಡುತ್ತೆ.

ಹೇಳಿಬಿಡುತ್ತೇನೆ. ಬೋರ್ಡನ್ನು ಕ್ಯಾಬಿನೆಟ್ ಒಳಗೆ ಸ್ಕ್ರೂ ಮಾಡಿದ ಮೇಲೆ ಕೂಲರ್ ಹಾಕಿದೆ. ಒತ್ತಿದಾಗ ಬೋರ್ಡ್ ಬಗ್ಗಿತು, ಎದೆ ಝಲ್ ಅಂದಿತು, ಅಲ್ಲಿಗೇ ಕೈ ಬಿಟ್ಟೆ. ಮೇಲಿಂದ ಕೂತ ಹಾಗೇ ಕಾಣುತ್ತಿತ್ತು.

ಹಳೇ ಫ್ಲಾಪಿ

ಎಲ್ಲರಿಗೂ ಝಲ್ ಅನ್ನುತ್ತೆ. ನಮ್ಮ ಹುಡುಗ ಒಬ್ಬ ಮೊದಲ ದಿನ ಕಣ್ಣು ಮುಚ್ಚಿಕೊಂಡು ಒತ್ತಿದ್ದ.

ಈಗ ಹೀಗೆ ಮಾಡಿ. ಕೂಲರ್ ತೆಗೆಯಬೇಕು, ಹಳೇ ಪೇಸ್ಟ್ ಮತ್ತೆ ಕೆಲಸಕ್ಕೆ ಬರಲ್ಲ. ಒಂದು ಸಣ್ಣ ಥರ್ಮಲ್ ಪೇಸ್ಟ್ ಟ್ಯೂಬ್ ತನ್ನಿ. ಪಿನ್ನಿನ ತಲೆ ಮೇಲೆ ಬಾಣದ ಗುರುತು ಇದೆ, ಆ ದಿಕ್ಕಿಗೆ ತಿರುಗಿಸಿ ಮೇಲೆ ಎಳೆದರೆ ಬಿಡುತ್ತೆ. ಫ್ಯಾನಿನ ವಯರ್ ಮೊದಲೇ ಕಿತ್ತುಕೊಳ್ಳಿ, ಮರೆತು ಎಳೆದುಬಿಡುತ್ತೀರಿ. ಹಳೇ ಪೇಸ್ಟನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿದ ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಎರಡೂ ಕಡೆ. ಒಣಗಲಿ. ನಡುವೆ ಒಂದು ಬಟಾಣಿ ಕಾಳಿನಷ್ಟು ಪೇಸ್ಟ್ ಸಾಕು. ದೋಸೆಗೆ ಚಟ್ನಿ ಸವರಿದ ಹಾಗೆ ಸವರಬೇಡಿ, ಕೂಲರ್ ಒತ್ತಿದಾಗ ಅದೇ ಹರಡಿಕೊಳ್ಳುತ್ತೆ.

ಮತ್ತೆ ಹಾಕುವ ಮುಂಚೆ ನಾಲ್ಕೂ ಪಿನ್ನನ್ನು ಬಾಣದ ಉಲ್ಟಾ ದಿಕ್ಕಿಗೆ ಕೊನೆವರೆಗೂ ತಿರುಗಿಸಿ, ಮೇಲಕ್ಕೆ ಎತ್ತಿಟ್ಟುಕೊಳ್ಳಿ. ಇದನ್ನು ಮರೆತರೆ ಎಷ್ಟು ಒತ್ತಿದರೂ ಕೂರಲ್ಲ. ಸಾಧ್ಯವಾದರೆ ಬೋರ್ಡ್ ಹೊರಗೆ ತೆಗೆದು ಅದರ ರಟ್ಟಿನ ಡಬ್ಬದ ಮೇಲೆ ಇಟ್ಟುಕೊಳ್ಳಿ, ಪಿನ್ ಕೆಳಗೆ ಇಳಿಯುವ ಜಾಗ ಮಾತ್ರ ಡಬ್ಬದ ಅಂಚಿನಿಂದ ಹೊರಗಿರಲಿ. ಒಂದು ಮೂಲೆ, ಆಮೇಲೆ ಅದರ ಎದುರು ಮೂಲೆ, ಹೀಗೆ ಕರ್ಣದಲ್ಲಿ ಒತ್ತಿ. ನಾಲ್ಕು ಸಲ ಟಕ್ ಕೇಳಬೇಕು. ಮೂರು ಕೇಳಿದರೆ ಮೂರೇ.

ಕುಡ್ಲದ ಕೀಬೋರ್ಡ್

ಬೋರ್ಡ್ ಬಗ್ಗುತ್ತೆ ಅಂತ ಹೆದರಬೇಡಿ ಮಾರಾಯ್ರೆ, ಸ್ವಲ್ಪ ಬಗ್ಗುವುದು ಅದಕ್ಕೆ ಅಭ್ಯಾಸ.

ರಾಯಚೂರು ಬಿಸಿಲು

ಇವತ್ತು ಮಾಡಿದೆ. ಪೇಸ್ಟ್ ಒರೆಸುವಾಗ ನೋಡಿದರೆ ಪ್ರೊಸೆಸರಿನ ಕೆಳಗಿನ ಅರ್ಧದಲ್ಲಿ ಮಾತ್ರ ಪೇಸ್ಟ್ ತೆಳ್ಳಗೆ ಒತ್ತಿದ ಗುರುತು, ಮೇಲರ್ಧದಲ್ಲಿ ಕಂಪನಿಯವರು ಹಚ್ಚಿದ ಪಟ್ಟೆಗಳು ಹಾಗ್ಹಾಗೇ ಇದ್ದವು. ಮುಟ್ಟಿಯೇ ಇಲ್ಲ ಅದಕ್ಕೆ. ಅಮ್ಮ ಇಟ್ಟ ಕುಂಕುಮದಷ್ಟೇ ಹೊಸದು.

ಮೊದಲ ಮೂರು ಟಕ್ ಬೇಗ ಬಂತು. ನಾಲ್ಕನೆಯದಕ್ಕೆ ತಂಗಿ ಬೋರ್ಡ್ ಹಿಡಿದುಕೊಂಡಳು, ನಾನು ಎರಡೂ ಹೆಬ್ಬೆರಳು ಹಾಕಿ ಒತ್ತಿದೆ. ಬಂತು. ಹಿಂದೆ ಟಾರ್ಚ್ ಬಿಟ್ಟು ಅವಳೇ ಎಣಿಸಿದಳು.

ಈಗ ಕೋಣೆಯಲ್ಲಿ 36 ಡಿಗ್ರಿ. ಸುಮ್ನೆ ಇದ್ದಾಗ 46, ಸಿನೆಬೆಂಚ್ ಹತ್ತು ನಿಮಿಷ ಓಡಿಸಿದರೆ 84, ಥ್ರಾಟ್ಲಿಂಗ್ ನೋ. ಅಂಕ 11,870. ಜಿಟಿಎ ಒಂದು ಗಂಟೆ ಆಡಿದೆ, 100ರಿಂದ ಕೆಳಗೆ ಇಳಿಯಲಿಲ್ಲ. ಮಾವನ ಫೋನಲ್ಲಿ ಅಜ್ಜಿಯ ಫೋಟೋನೂ ಸಿಕ್ಕಿತು, ಎಲ್ಲ ಅಲ್ಲ, ಹದಿನೇಳು.

ಫ್ಲಾಪಿ ಸರ್, ನಿಮಗೆ ಎಷ್ಟು ಕೊಡಬೇಕು ಹೇಳಿ.

ಹಳೇ ಫ್ಲಾಪಿ

ಅಂಗಡಿಗೆ ತಂದಿದ್ದರೆ 500 ತಗೋತಿದ್ದೆ. ಇಲ್ಲಿ ಬೇಡ. ಆ ಹದಿನೇಳನ್ನು ಎರಡು ಕಡೆ ಇಡಿ.

ನೀಲಿ ಪರದೆ

ಸರಿ, ಲಿಕ್ವಿಡ್ ಕೂಲರ್ ಮಾತು ವಾಪಸ್ ತಗೊಂಡೆ. ಸ್ಕ್ರಿಪ್ಟ್ ಬಗ್ಗೆ ಮಾತ್ರ ನನ್ನದೇ ಸರಿ.

ಹೊಸ ಸದಸ್ಯ

ಸರ್ ನಂದೂ ಸೇಮ್ ಪ್ರಾಬ್ಲಮ್, ಹೊಸ ಪಿಸಿ ಸ್ಲೋ. ರೈಜೆನ್ 5 5600. ಕೇಬಲ್ ಬದಲಿಸಲಾ?

ತಿರುಪುಳಿ

5600ರ ಒಳಗೆ ಗ್ರಾಫಿಕ್ಸೇ ಇಲ್ಲ, ನಿಮಗೆ ಪರದೆ ಕಾಣುತ್ತಿದೆ ಅಂದರೆ ಕೇಬಲ್ ಸರಿ ಜಾಗದಲ್ಲೇ ಇದೆ. ಬೇರೆ ಎಳೆ ಶುರು ಮಾಡಿ, ಟಾಸ್ಕ್ ಮ್ಯಾನೇಜರ್ ಫೋಟೋ ಹಾಕಿ, ಬರುತ್ತೇವೆ.